ತತ್ವಶಾಸ್ತ್ರವೂ ಬೇಕು, ಮೆದುಳಿನ ವಿಜ್ಞಾನವೂ ಬೇಕು: ಬರ್ಲಿನ್‌ನ ಮೈಂಡ್ ಆ್ಯಂಡ್ ಬ್ರೇನ್ ಮಾಸ್ಟರ್ಸ್‌ಗೆ ಅರ್ಜಿ ಹಾಕುವುದು ಹೇಗೆ

ಇಂಥ ಕೋರ್ಸ್‌ಗೆ ಅರ್ಜಿ ಹಾಕುವವರಲ್ಲಿ ಎರಡು ಥರ. ಸೈಕಾಲಜಿ, ಬಯಾಲಜಿ, ಎಂಬಿಬಿಎಸ್ ಅಥವಾ ಎಂಜಿನಿಯರಿಂಗ್ ಮುಗಿಸಿದ್ದಾರೆ, ಆದರೆ ಪ್ರಜ್ಞೆ ಅಂದರೆ ಏನು ಅನ್ನುವ ಪ್ರಶ್ನೆ ತಲೆಯಿಂದ ಇಳಿಯುತ್ತಿಲ್ಲ, ಇವರು ಒಂದು ಥರ. ತತ್ವಶಾಸ್ತ್ರವನ್ನೋ ಭಾಷಾವಿಜ್ಞಾನವನ್ನೋ ಓದಿ, ಸುಮ್ನೆ ಕೂತು ಯೋಚಿಸಿದರೆ ಸಾಲದು, ಪ್ರಯೋಗವೂ ಬೇಕು ಅಂತ ಅನ್ನಿಸಿದವರು ಇನ್ನೊಂದು ಥರ. ಎರಡೂ ಕಡೆಯವರು ಅರ್ಜಿಯಲ್ಲಿ ಬರೆಯುವುದು ಮಾತ್ರ ಒಂದೇ: "ನನಗೆ ಎರಡೂ ಇಷ್ಟ." ಆಯ್ಕೆ ಮಾಡುವವರಿಗೆ ಈ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ವಿಷಯದಿಂದ ಬಗೆಹರಿಯದ ಒಂದು ಪ್ರಶ್ನೆ ನಿಮ್ಮ ಕೈಯಲ್ಲಿ ಇರಬೇಕು. ಮಾರ್ಕ್ಸ್ ಕಾರ್ಡ್, ಶಿಫಾರಸು ಪತ್ರ, ಎಸ್‌ಒಪಿ (ಈ ಕೋರ್ಸ್ ಯಾಕೆ ಬೇಕು ಅಂತ ನೀವೇ ಬರೆಯುವ ಪತ್ರ) ಎಲ್ಲವೂ ಆ ಪ್ರಶ್ನೆಯ ಸುತ್ತ ಕೂರಬೇಕು. ಕೆಳಗೆ ಹೇಳುವುದೆಲ್ಲ ಅದಕ್ಕೇ.

ಉದಾಹರಣೆಗೆ ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದ ಕೋರ್ಸನ್ನೇ ಇಟ್ಟುಕೊಳ್ಳೋಣ. ಇದರ ಹಿಂದಿರುವುದು ಬರ್ಲಿನ್ ಸ್ಕೂಲ್ ಆಫ್ ಮೈಂಡ್ ಆ್ಯಂಡ್ ಬ್ರೇನ್. 2006ರಲ್ಲಿ ಶುರುವಾದ ಈ ಸಂಸ್ಥೆಯನ್ನು ಮುನ್ನಡೆಸಿದವರು ತತ್ವಜ್ಞಾನಿ ಮಿಖಾಯೆಲ್ ಪೌವೆನ್ ಮತ್ತು ನರರೋಗ ತಜ್ಞ ಆರ್ನೋ ಫಿಲ್ರಿಂಗರ್. ತತ್ವಶಾಸ್ತ್ರದವರೊಬ್ಬರು, ವೈದ್ಯರೊಬ್ಬರು ಒಟ್ಟಿಗೆ ಕೂತು ಕಟ್ಟಿದ ಜಾಗ ಅಂದಮೇಲೆ ಅದರ ಸ್ವಭಾವ ಗೊತ್ತಾಯಿತಲ್ಲ. ಮಾಸ್ಟರ್ಸ್ ಎರಡು ವರ್ಷದ್ದು, 120 ಕ್ರೆಡಿಟ್, ಪಾಠ ಇಂಗ್ಲಿಷಿನಲ್ಲಿ.

ಮೊದಲು: ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ?

ಈ ಕೋರ್ಸ್‌ನಲ್ಲಿ ಎರಡು ಟ್ರ್ಯಾಕ್ ಇವೆ, ಮೈಂಡ್ ಮತ್ತು ಬ್ರೇನ್. ಅರ್ಜಿ ಹಾಕುವಾಗಲೇ ಒಂದನ್ನು ಆರಿಸಬೇಕು. ಹೆಸರು ನೋಡಿ ಆಸೆಯಿಂದ ಆರಿಸಬೇಡಿ. ನಿಮ್ಮ ಡಿಗ್ರಿಯಲ್ಲಿ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಇದೆ ಅನ್ನುವುದನ್ನು ನೋಡಿ ಆರಿಸಿ. ಜರ್ಮನಿಯ ವಿಶ್ವವಿದ್ಯಾಲಯಗಳು ಪ್ರವೇಶದ ನಿಯಮಗಳನ್ನು ಬಹಳ ಅಕ್ಷರಶಃ ಓದುತ್ತವೆ. ಸಂಬಂಧಪಟ್ಟ ವಿಷಯದಲ್ಲಿ ಇಷ್ಟು ಓದಿರಬೇಕು ಅಂತ ನಿಯಮ ಇದ್ದು, ನಿಮ್ಮಲ್ಲಿ ಅದಿಲ್ಲದಿದ್ದರೆ ಎಸ್‌ಒಪಿ ಎಷ್ಟು ಚೆನ್ನಾಗಿದ್ದರೂ ಅದನ್ನು ಯಾರೂ ತೆರೆಯುವುದೇ ಇಲ್ಲ.

ಹಾಗಾಗಿ ಮೊದಲ ಕೆಲಸ ಇದು. ಆ ವರ್ಷದ ಪ್ರವೇಶ ನಿಯಮವನ್ನು ಕೋರ್ಸ್‌ನ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಒಂದು ಹಾಳೆಯ ಎಡಗಡೆ ಅವರು ಕೇಳುವ ವಿಷಯಗಳು, ಬಲಗಡೆ ನೀವು ಓದಿದ ಪೇಪರ್‌ಗಳು, ಸೆಮಿಸ್ಟರ್ ಮತ್ತು ಕ್ರೆಡಿಟ್ ಸಮೇತ. ಪೇಪರ್‌ನ ಹೆಸರಿನಿಂದ ವಿಷಯ ತಿಳಿಯದಿದ್ದರೆ ಸಿಲಬಸ್ ಪುಟವನ್ನೂ ಇಟ್ಟುಕೊಳ್ಳಿ. ನಮ್ಮ ಯೂನಿವರ್ಸಿಟಿಗಳಲ್ಲಿ "ಪೇಪರ್ 4" ಅಂತಷ್ಟೇ ಮಾರ್ಕ್ಸ್ ಕಾರ್ಡ್‌ನಲ್ಲಿ ಬಂದುಬಿಡುತ್ತದೆ. ಅದರೊಳಗೆ ಸಂಖ್ಯಾಶಾಸ್ತ್ರ ಇತ್ತೋ ತರ್ಕಶಾಸ್ತ್ರ ಇತ್ತೋ ಬರ್ಲಿನ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಮೂರು ವರ್ಷದ ಡಿಗ್ರಿ ನಡೆಯುತ್ತಾ ಅಂತ ಬಹಳ ಜನ ಕೇಳುತ್ತಾರೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತು, 2024ರಲ್ಲಿ ಮತ್ತೆ ಮೂರಕ್ಕೇ ಹೋಯಿತು, ಹಾಗಾಗಿ ಈ ಗೊಂದಲ ಸಹಜ. ಮೂರು ವರ್ಷ ಅನ್ನುವ ಒಂದೇ ಕಾರಣಕ್ಕೆ ಜರ್ಮನಿಯಲ್ಲಿ ಬಾಗಿಲು ಮುಚ್ಚುವುದಿಲ್ಲ. ಅನಬಿನ್ ಅನ್ನುವ ಅವರ ಸರ್ಕಾರಿ ಪಟ್ಟಿಯಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ "ಎಚ್ ಪ್ಲಸ್", ಅಂದರೆ ಮಾನ್ಯತೆ ಇದೆ ಅನ್ನುವ ಗುರುತು, ಇದೆಯಾ ನೋಡಿ. ಕಾಲೇಜಿನ ಹೆಸರನ್ನು ಹುಡುಕಬೇಡಿ, ಡಿಗ್ರಿ ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು ಹುಡುಕಿ.

ಒಂದೇ ಕಡೆ ಅರ್ಜಿ ಹಾಕಿ ಕೂರಬೇಡಿ. ಓಸ್ನಾಬ್ರೂಕ್, ಬೋಖುಮ್, ಟ್ಯೂಬಿಂಗೆನ್‌ಗಳಲ್ಲಿ ಕಾಗ್ನಿಟಿವ್ ಸೈನ್ಸ್ (ಮನಸ್ಸು ಕೆಲಸ ಮಾಡುವ ರೀತಿಯ ವಿಜ್ಞಾನ) ಮಾಸ್ಟರ್ಸ್ ಇದೆ. ಟ್ಯೂಬಿಂಗೆನ್ ಇರುವ ರಾಜ್ಯದಲ್ಲಿ ಯೂರೋಪಿಯನ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಫೀಸ್ ಇದೆ, ಇದನ್ನು ಮರೆಯಬೇಡಿ. ವಿಯೆನ್ನಾ ವಿಶ್ವವಿದ್ಯಾಲಯ ನೆರೆಯ ದೇಶಗಳ ವಿಶ್ವವಿದ್ಯಾಲಯಗಳ ಜೊತೆ ಸೇರಿ ನಡೆಸುವ ಕಾಗ್ನಿಟಿವ್ ಸೈನ್ಸ್ ಮಾಸ್ಟರ್ಸ್‌ನಲ್ಲೂ ತತ್ವಶಾಸ್ತ್ರಕ್ಕೆ ಒಳ್ಳೆಯ ಜಾಗ ಇದೆ. ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಸ್ಟೇಟ್‌ನಲ್ಲಿ ತತ್ವಶಾಸ್ತ್ರದ ಎಂಎ ಒಳಗೇ ನ್ಯೂರೋಫಿಲಾಸಫಿ, ಅಂದರೆ ಮೆದುಳಿನ ವಿಜ್ಞಾನದ ಜೊತೆ ಸೇರಿದ ತತ್ವಶಾಸ್ತ್ರ, ಓದಬಹುದು. ನಮ್ಮಲ್ಲೇ ಬೇಕು ಅಂದರೆ ಐಐಟಿ ಗಾಂಧಿನಗರ ಮತ್ತು ಅಲಹಾಬಾದ್ ವಿಶ್ವವಿದ್ಯಾಲಯದ ಕೇಂದ್ರ ಇವೆ. ಇವುಗಳಲ್ಲಿ ತತ್ವಶಾಸ್ತ್ರದ ಪಾಲು ಕಮ್ಮಿ, ಆದರೆ ಪ್ರಯೋಗ ಕಲಿಯಲು ಒಳ್ಳೆಯ ಜಾಗಗಳು.

ಪ್ರಶ್ನೆಯನ್ನು ಹುಡುಕಿಕೊಳ್ಳುವುದು

ಇದು ಎಲ್ಲಕ್ಕಿಂತ ಕಷ್ಟದ ಹಂತ. ಇದಕ್ಕೇ ಜಾಸ್ತಿ ಸಮಯ ಕೊಡಿ.

"ಮನಸ್ಸು ಮತ್ತು ಮೆದುಳಿನ ಸಂಬಂಧ ಏನು?" ಅನ್ನುವುದು ಅರ್ಜಿಗೆ ಆಗುವ ಪ್ರಶ್ನೆ ಅಲ್ಲ. ಅದು ಇಡೀ ಕ್ಷೇತ್ರದ ಹೆಸರು. ನಿಮಗೆ ಬೇಕಾಗಿರುವುದು ಎರಡು ವರ್ಷದಲ್ಲಿ ಒಂದು ಮೂಲೆಯನ್ನಾದರೂ ಮುಟ್ಟಬಹುದಾದ ಪ್ರಶ್ನೆ. ನಮ್ಮವರಿಗೆ ಹತ್ತಿರವಾದ ಒಂದನ್ನು ತೆಗೆದುಕೊಂಡು ತೋರಿಸುತ್ತೇನೆ.

ಬೆಳಿಗ್ಗೆ ಎದ್ದು "ಒಳ್ಳೆ ನಿದ್ದೆ ಬಂತು, ಏನೂ ಗೊತ್ತಾಗ್ಲಿಲ್ಲ" ಅನ್ನುತ್ತೇವೆ. ಇದು ನೆನಪೋ, ಎದ್ದಮೇಲೆ ಮಾಡಿದ ಲೆಕ್ಕಾಚಾರವೋ? ಅದ್ವೈತಿಗಳು ನೆನಪು ಅಂದರು. ಅನುಭವ ಇಲ್ಲದೆ ನೆನಪು ಬರುವುದಿಲ್ಲ, ಹಾಗಾಗಿ ಕನಸಿಲ್ಲದ ಗಾಢ ನಿದ್ದೆಯಲ್ಲೂ ಯಾವುದೋ ಬಗೆಯ ಅರಿವು ಇತ್ತು ಅನ್ನುವುದು ಅವರ ವಾದ. ನೈಯಾಯಿಕರು, ಅಂದರೆ ನ್ಯಾಯ ದರ್ಶನದವರು, ಒಪ್ಪಲಿಲ್ಲ. ನಡುವಿನ ಹೊತ್ತಿನದು ಏನೂ ನೆನಪಿಲ್ಲ, ಮೈ ಹಗುರವಾಗಿದೆ, ಅದರಿಂದ ಆಗ ಏನೂ ಗೊತ್ತಿರಲಿಲ್ಲ ಅಂತ ಈಗ ತರ್ಕ ಮಾಡಿ ತಿಳಿಯುತ್ತೇವೆ ಅಷ್ಟೇ ಅಂದರು. ಬಹಳ ಹಳೆಯ ಜಗಳ ಇದು, ಎರಡು ಕಡೆಯೂ ಗಟ್ಟಿ.

ಈಗ ಲ್ಯಾಬ್‌ಗೆ ಬನ್ನಿ. ಜೆನಿಫರ್ ವಿಂಟ್, ಟೋರ್ ನೀಲ್ಸನ್, ಇವಾನ್ ಥಾಂಪ್ಸನ್ 2016ರಲ್ಲಿ ಕನಸಿಲ್ಲದ ನಿದ್ದೆಯಲ್ಲಿ ಪ್ರಜ್ಞೆ ನಿಜವಾಗಿ ಮಾಯವಾಗುತ್ತದೆಯೇ ಅನ್ನುವ ಪ್ರಶ್ನೆಯನ್ನು ಕಾಗ್ನಿಟಿವ್ ಸೈನ್ಸ್‌ನವರ ಮುಂದೆ ಇಟ್ಟರು. 2017ರಲ್ಲಿ ಫ್ರಾನ್ಸೆಸ್ಕಾ ಸಿಕ್ಲಾರಿ ಮತ್ತು ಜೊತೆಯವರು ಬಹಳಷ್ಟು ಎಲೆಕ್ಟ್ರೋಡ್‌ಗಳ ಇಇಜಿ (ತಲೆಯ ಮೇಲಿಂದ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ವಿಧಾನ) ಹಾಕಿ, ಮಲಗಿದವರನ್ನು ರಾತ್ರಿಯಿಡೀ ಮತ್ತೆ ಮತ್ತೆ ಎಬ್ಬಿಸಿ, ಈಗ ಏನು ಅನುಭವ ಆಗುತ್ತಿತ್ತು ಅಂತ ಕೇಳಿದರು. ಉತ್ತರ ಮೂರು ಬಗೆ: "ಇಂಥ ಕನಸು ಇತ್ತು", "ಏನೋ ಇತ್ತು, ಆದರೆ ಏನಂತ ನೆನಪಿಲ್ಲ", "ಏನೂ ಇರಲಿಲ್ಲ". ಅನುಭವ ಇತ್ತು ಅಂದಾಗ ಮೆದುಳಿನ ಹಿಂಭಾಗದಲ್ಲಿ ನಿಧಾನ ಅಲೆಗಳು ಕಡಿಮೆಯಾಗಿರುತ್ತಿದ್ದವು.

ಇಲ್ಲಿ ಒಂದು ಬಿರುಕು ಕಾಣುತ್ತಿದೆ ಅಲ್ವಾ? "ಏನೂ ಇರಲಿಲ್ಲ" ಅಂದವನಿಗೆ ನಿಜವಾಗಿ ಅನುಭವವೇ ಇರಲಿಲ್ಲವೋ, ಅಥವಾ ಇದ್ದದ್ದು ನೆನಪಲ್ಲಿ ಉಳಿಯಲಿಲ್ಲವೋ? ಬರೀ ಇಇಜಿಯಿಂದ ಇದನ್ನು ತೀರ್ಮಾನಿಸಲು ಆಗುವುದಿಲ್ಲ, ಯಾಕೆಂದರೆ ಇಇಜಿಯ ಅಲೆಗೆ ಅರ್ಥ ಕೊಟ್ಟಿದ್ದೇ ಎದ್ದವನ ಮಾತು. ಬರೀ ವಾದದಿಂದಲೂ ಆಗುವುದಿಲ್ಲ. ನೈಯಾಯಿಕರು ಮತ್ತು ಅದ್ವೈತಿಗಳು ಕಿತ್ತಾಡಿದ ಜಾಗವೂ ಇದೇ, ನಿದ್ರೆ ಲ್ಯಾಬ್ ಇವತ್ತು ನಿಂತಿರುವ ಜಾಗವೂ ಇದೇ. "ಎದ್ದವರ ಮಾತನ್ನು ನೆನಪು ಅಂತ ಓದುವುದಕ್ಕೂ ತರ್ಕ ಅಂತ ಓದುವುದಕ್ಕೂ ಬೇರೆ ಬೇರೆ ಫಲಿತಾಂಶ ನಿರೀಕ್ಷಿಸುವ ಪ್ರಯೋಗ ಸಾಧ್ಯವೇ?" ಅಂತ ನೀವು ಕೇಳಿದರೆ ಅದು ಅರ್ಜಿಗೆ ಆಗುವ ಪ್ರಶ್ನೆ. ಇದಕ್ಕೆ ಯಾವ ಪಾಠ ಬೇಕು, ಯಾವ ಲ್ಯಾಬ್ ಬೇಕು ಅನ್ನುವುದು ತಾನಾಗಿ ಹೊರಬರುತ್ತದೆ.

ನಿಮಗೆ ಇದೇ ಪ್ರಶ್ನೆ ಬೇಕಿಲ್ಲ. ಸ್ವತಂತ್ರ ಇಚ್ಛೆಯ ಕಡೆಯಿಂದ ಬರುವವರು ನರವಿಜ್ಞಾನಿ ಬೆಂಜಮಿನ್ ಲಿಬೆಟ್‌ನ 1983ರ ಪ್ರಯೋಗಕ್ಕೆ ಬಂದು ನಿಂತುಬಿಡುತ್ತಾರೆ: ಕೈ ಆಡಿಸಬೇಕು ಅಂತ ಅನ್ನಿಸುವುದಕ್ಕಿಂತ ಸುಮಾರು 350 ಮಿಲಿಸೆಕೆಂಡ್ ಮುಂಚೆಯೇ ಮೆದುಳಿನಲ್ಲಿ ತಯಾರಿಯ ಅಲೆ ಕಾಣುತ್ತದೆ, ಹಾಗಾಗಿ ಇಚ್ಛೆ ಭ್ರಮೆ ಅನ್ನುತ್ತಾರೆ. ಅಲ್ಲಿ ನಿಲ್ಲಬೇಡಿ. 2012ರಲ್ಲಿ ಆರನ್ ಶೂರ್ಗರ್ ಮತ್ತು ಜೊತೆಯವರು ಅದೇ ಅಲೆಯನ್ನು ಬೇರೆ ಥರ ವಿವರಿಸಿದರು. ಅದು ಮೊದಲೇ ಆದ ನಿರ್ಧಾರದ ಗುರುತಲ್ಲ, ಮೆದುಳಿನಲ್ಲಿ ತಾನಾಗಿ ಏರಿಳಿಯುವ ಚಟುವಟಿಕೆ ಒಂದು ಮಟ್ಟ ದಾಟಿದಾಗ ಹಾಗೆ ಕಾಣುತ್ತದೆ ಅಂದರು. ಈ ವಿವರಣೆ ಸರಿಯಾದರೆ "ನಿರ್ಧಾರ" ಅಂತ ಯಾವ ಕ್ಷಣವನ್ನು ಕರೆಯಬೇಕು? ಪ್ರಶ್ನೆ ಶುರುವಾಗುವುದೇ ಇಲ್ಲಿಂದ.

ಭಾಷೆಯ ಕಡೆಯವರಿಗೆ ಕನ್ನಡವೇ ಒಂದು ಒಳ್ಳೆಯ ದಾರಿ. ಕನ್ನಡದ ಮಕ್ಕಳು ಓದಲು ಕಲಿಯುವ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವನ್ನು ಒಂದೊಂದು ಧ್ವನಿಯಾಗಿ ಬಿಡಿಸುವ ಅರಿವು ನಿಧಾನವಾಗಿ ಮೂಡುತ್ತದೆ ಅನ್ನುವುದು ಕಾಣುತ್ತದೆ. "ಕ್" ಅನ್ನುವ ಬಿಡಿ ಧ್ವನಿ ನಮ್ಮ ಮನಸ್ಸಿನಲ್ಲಿ ಮೊದಲಿಂದ ಇತ್ತೋ, ಲಿಪಿ ತಂದುಕೊಟ್ಟಿತೋ? ಭಾಷಾವಿಜ್ಞಾನ, ತತ್ವಶಾಸ್ತ್ರ, ಇಇಜಿ ಮೂರೂ ಬೇಕಾಗುವ ಪ್ರಶ್ನೆ ಇದು.

ಒಂದು ಮಾತು ಖಂಡಿತ ಹೇಳಬೇಕು. "ನಮ್ಮ ಉಪನಿಷತ್ತುಗಳಲ್ಲಿ ಇದೆಲ್ಲ ಆಗಲೇ ಇದೆ" ಅಂತ ಬರೆಯಬೇಡಿ. ಆ ವಾಕ್ಯ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ. ನಮ್ಮ ದರ್ಶನಗಳ ಬೆಲೆ ಇರುವುದೇ ಅವುಗಳ ವಾದದಲ್ಲಿ, ಒಬ್ಬರನ್ನೊಬ್ಬರು ಖಂಡಿಸಿದ ರೀತಿಯಲ್ಲಿ. ಆ ವಾದವನ್ನು ಹಂತ ಹಂತವಾಗಿ ಬಿಡಿಸಿ ಇಟ್ಟರೆ ಓದುವವರು ಗೌರವದಿಂದಲೇ ಓದುತ್ತಾರೆ.

ಖಾಲಿ ಇರುವ ಕಡೆ ತುಂಬಿಕೊಳ್ಳುವುದು

ಅರ್ಜಿಗೆ ಒಂದೂವರೆ ವರ್ಷ ಮುಂಚೆ ಶುರು ಮಾಡಿದರೆ ನೆಮ್ಮದಿ. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್‌ನ ಪಾಠ ಅಕ್ಟೋಬರ್‌ನಲ್ಲಿ ಶುರು, ಅಲ್ಲಿಂದ ಹಿಂದಕ್ಕೆ ಎಣಿಸಿ.

ತತ್ವಶಾಸ್ತ್ರದಿಂದ ಬರುವವರಿಗೆ ಸಂಖ್ಯಾಶಾಸ್ತ್ರ ಮತ್ತು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬೇಕು. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಕೋರ್ಸ್ ನೋಡುವುದು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಹಣ. ಆದರೆ ಸರ್ಟಿಫಿಕೇಟ್ ರಾಶಿ ಹಾಕಿ ಪ್ರಯೋಜನವಿಲ್ಲ, ಒಂದು ಸಣ್ಣ ಕೆಲಸ ಮುಗಿಸಿ ತೋರಿಸಿ. ಓಪನ್‌ನ್ಯೂರೋ ಅನ್ನುವ ವೆಬ್‌ಸೈಟಿನಲ್ಲಿ ಇಇಜಿ ಡೇಟಾ ಉಚಿತವಾಗಿ ಸಿಗುತ್ತದೆ, ಎಂಎನ್‌ಇ-ಪೈಥಾನ್ ಅನ್ನುವ ಸಾಫ್ಟ್‌ವೇರ್ ಕೂಡ ಉಚಿತ. ಎರಡನ್ನೂ ಇಟ್ಟುಕೊಂಡು ಯಾರೋ ಸಂಶೋಧನಾ ಲೇಖನದಲ್ಲಿ ಪ್ರಕಟಿಸಿದ ಒಂದು ಗ್ರಾಫನ್ನು ನೀವೇ ಮತ್ತೆ ತೆಗೆದು ನೋಡಿ. ಎಲ್ಲಿ ಹೊಂದಲಿಲ್ಲ, ಯಾಕೆ ಅಂತ ಎರಡು ಪುಟ ಬರೆಯಿರಿ. 2020ರಲ್ಲಿ ಶುರುವಾದ ನ್ಯೂರೋಮ್ಯಾಚ್ ಅಕಾಡೆಮಿಯ ಆನ್‌ಲೈನ್ ಬೇಸಿಗೆ ಶಾಲೆಯೂ ಒಳ್ಳೆಯದು, ಫೀಸ್ ದೇಶಕ್ಕೆ ತಕ್ಕಂತೆ ಕಡಿಮೆ ಮಾಡುತ್ತಾರೆ.

ವಿಜ್ಞಾನದಿಂದ ಬರುವವರು ತತ್ವಶಾಸ್ತ್ರ ಅಂದರೆ ಅಭಿಪ್ರಾಯ ಅಂದುಕೊಂಡಿರುತ್ತಾರೆ. ಅದು ವಾದ ಕಟ್ಟುವ ಕೆಲಸ, ಅಭ್ಯಾಸ ಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಶ್ವಕೋಶ ಆನ್‌ಲೈನ್‌ನಲ್ಲಿ ಉಚಿತ. ಅಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರದ ಒಂದು ಲೇಖನ ಓದಿ, ಅದರಿಂದ ಒಂದು ವಾದ ತೆಗೆದು, ಒಂದನೇ ಹೇಳಿಕೆ, ಎರಡನೇ ಹೇಳಿಕೆ, ಹಾಗಾಗಿ ಈ ತೀರ್ಮಾನ ಅಂತ ಬರೆಯಿರಿ. ಆಮೇಲೆ ಯಾವ ಹೇಳಿಕೆಯನ್ನು ನೀವು ಒಪ್ಪುವುದಿಲ್ಲ, ಯಾಕೆ ಅಂತ ಬರೆಯಿರಿ. ಇದೇ ಬೆಳೆದು ಹತ್ತು ಪುಟದ ಪ್ರಬಂಧ ಆದರೆ, ಬರಹದ ಮಾದರಿ ಕೇಳುವ ವಿಶ್ವವಿದ್ಯಾಲಯಗಳಿಗೆ ಅದನ್ನೇ ಕಳಿಸಬಹುದು.

ಬೆಂಗಳೂರಿನ ಹತ್ತಿರ ಇರುವವರಿಗೆ ಒಂದು ಅನುಕೂಲ ಇದೆ. ನಿಮ್ಹಾನ್ಸ್‌ನ ನ್ಯೂರೋಫಿಸಿಯಾಲಜಿ ವಿಭಾಗದಲ್ಲಿ ಪ್ರಜ್ಞೆಯ ಅಧ್ಯಯನಕ್ಕೇ ಒಂದು ಕೇಂದ್ರ ಇದೆ, ವಿಪಶ್ಯನ ಮಾಡುವವರ ನಿದ್ದೆಯ ಮೇಲೆ ಅಲ್ಲಿ ಸಂಶೋಧನೆ ನಡೆದಿದೆ. ಐಐಎಸ್‌ಸಿಯಲ್ಲಿ ನ್ಯೂರೋಸೈನ್ಸ್ ಕೇಂದ್ರ ಇದೆ, ಅದೇ ಕ್ಯಾಂಪಸ್‌ನಲ್ಲಿರುವ ನಿಯಾಸ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ಪ್ರಜ್ಞೆಯ ಬಗ್ಗೆ ತತ್ವಶಾಸ್ತ್ರದ ಕಡೆಯಿಂದ ಕೆಲಸ ಮಾಡಿದವರಿದ್ದಾರೆ. ಇಂಟರ್ನ್‌ಶಿಪ್ ಕೇಳಿ ಮೇಲ್ ಬರೆಯುವಾಗ ಅವರ ಒಂದು ಪೇಪರ್ ಓದಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ, ನೀವು ಎಷ್ಟು ತಿಂಗಳು ಬರಬಲ್ಲಿರಿ ಅಂತ ಹೇಳಿ. ಆರು ಸಾಲು ಸಾಕು.

ಎಸ್‌ಒಪಿ

ಮೊದಲ ಪ್ಯಾರಾದಲ್ಲೇ ಪ್ರಶ್ನೆ ಬರಲಿ. "ಚಿಕ್ಕಂದಿನಿಂದಲೂ ಮನಸ್ಸಿನ ಬಗ್ಗೆ ಕುತೂಹಲ" ಅಂತ ಶುರು ಮಾಡಬೇಡಿ. ಎರಡನೇ ಪ್ಯಾರಾದಲ್ಲಿ ಆ ಪ್ರಶ್ನೆಗೆ ನೀವು ಹೇಗೆ ಬಂದಿರಿ, ಅದಕ್ಕಾಗಿ ಏನು ಮಾಡಿದ್ದೀರಿ. ಮಾಡಿದ್ದು ಸಣ್ಣದಾಗಿದ್ದರೂ ಪರವಾಗಿಲ್ಲ, ನಿಮ್ಮ ಕೈಯಿಂದ ಆದದ್ದಾಗಿರಬೇಕು. ಮೂರನೆಯದರಲ್ಲಿ ನಿಮಗೆ ಏನು ಗೊತ್ತಿಲ್ಲ ಅನ್ನುವುದನ್ನು ನೇರವಾಗಿ ಹೇಳಿ, ಅದನ್ನು ಈ ಕೋರ್ಸ್‌ನ ಯಾವ ಭಾಗ ಕಲಿಸುತ್ತದೆ ಅನ್ನುವುದನ್ನು ಸೇರಿಸಿ. ಇಲ್ಲಿ ಪ್ರೊಫೆಸರ್‌ಗಳ ಹೆಸರಿನ ಪಟ್ಟಿ ಹಾಕಿದರೆ ವೆಬ್‌ಸೈಟ್ ನೋಡಿ ಬರೆದಿದ್ದು ಅಂತ ಗೊತ್ತಾಗುತ್ತದೆ. ಒಬ್ಬರೇ ಸಾಕು, ಅವರ ಯಾವ ಕೆಲಸ, ನಿಮ್ಮ ಪ್ರಶ್ನೆಗೆ ಅದು ಹೇಗೆ ಬೇಕು ಅಂತ ಹೇಳಿ. ಮುಂದೆ ಪಿಎಚ್‌ಡಿನೋ ಬೇರೆ ಕೆಲಸವೋ, ಅದಕ್ಕೆ ಎರಡು ಸಾಲು.

ಬರೆದಮೇಲೆ ಇಬ್ಬರಿಗೆ ಓದಲು ಕೊಡಿ, ಒಬ್ಬರು ವಿಜ್ಞಾನದವರು, ಒಬ್ಬರು ಮಾನವಿಕ ವಿಷಯದವರು. ಇಬ್ಬರಿಗೂ ಪ್ರಶ್ನೆ ಏನಂತ ತಿರುಗಿ ಹೇಳಲು ಬರಬೇಕು. ಏಜೆಂಟ್‌ಗಳ ಕೈಗೆ ಕೊಟ್ಟು ಬರೆಸಬೇಡಿ, ಎಂಬಿಎಗೆ ಬರೆದ ಹಾಗೆಯೇ ಇದನ್ನೂ ಬರೆದು ಕೊಡುತ್ತಾರೆ.

ಶಿಫಾರಸು ಪತ್ರ ಕೇಳಿದರೆ ನಮ್ಮ ಎಷ್ಟೋ ಮೇಷ್ಟ್ರುಗಳು "ನೀನೇ ಬರ್ಕೊಂಡ್ ಬಾಪ್ಪ, ಸೈನ್ ಹಾಕ್ತೀನಿ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಒಪ್ಪಿಕೊಳ್ಳಬೇಡಿ. "ಸರ್, ನಿಮಗೆ ಸುಲಭ ಆಗ್ಲಿ ಅಂತ ಒಂದು ಪುಟ ಟಿಪ್ಪಣಿ ತಂದಿದ್ದೀನಿ" ಅಂತ ಹೇಳಿ ಕೊಡಿ: ಅವರ ಕ್ಲಾಸ್‌ನಲ್ಲಿ ನೀವು ಮಾಡಿದ ಪ್ರಾಜೆಕ್ಟ್, ಕೇಳಿದ ಪ್ರಶ್ನೆ, ಬಂದ ಅಂಕ, ಕೊನೆಯ ದಿನಾಂಕ. ಪತ್ರ ಕಾಲೇಜಿನ ಇಮೇಲ್‌ನಿಂದ ಹೋದರೆ ಒಳ್ಳೆಯದು. ಆರು ವಾರ ಮುಂಚೆ ಕೇಳಿ.

ಕಾಗದಪತ್ರ: ಇಲ್ಲೇ ಜನ ಎಡವುವುದು

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್, ಪಿಯುಸಿಯಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು. ನಮ್ಮ ಕಡೆ ಇದು ಮಾಮೂಲಿ, ಅಲ್ಲಿ ಇದು ತಲೆನೋವು. ಎಲ್ಲಕ್ಕಿಂತ ಮೊದಲು ಹೆಸರು ಸರಿಮಾಡಿಸಿಕೊಳ್ಳಿ, ಆಗದಿದ್ದರೆ ಆ ಹೆಸರುಗಳೆಲ್ಲ ಒಬ್ಬರದೇ ಅನ್ನುವ ಅಫಿಡವಿಟ್ ಮಾಡಿಸಿ.

ಆಮೇಲೆ ಎಪಿಎಸ್. ನಿಮ್ಮ ಮಾರ್ಕ್ಸ್ ಕಾರ್ಡ್‌ಗಳು ಅಸಲಿ ಅಂತ ದೆಹಲಿಯಲ್ಲಿರುವ ಜರ್ಮನಿಯ ಈ ಕೇಂದ್ರ ಕೊಡುವ ಸರ್ಟಿಫಿಕೇಟ್ ಇದು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳ ವೀಸಾಗೆ ಕಡ್ಡಾಯ. ಫೀಸ್ 18,000 ರೂಪಾಯಿ. ಹತ್ತನೇ ಕ್ಲಾಸಿನಿಂದ ಹಿಡಿದು ಎಲ್ಲ ಮಾರ್ಕ್ಸ್ ಕಾರ್ಡ್ ಬೇಕು. ಪ್ರವೇಶ ಸಿಕ್ಕಿದಮೇಲೆ ಮಾಡಿಸೋಣ ಅಂತ ಕೂರಬೇಡಿ, ಬಹಳಷ್ಟು ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆಗೇ ಕೇಳುತ್ತವೆ.

ವಿದೇಶಿ ಡಿಗ್ರಿಯವರ ಅರ್ಜಿಯನ್ನು ಹಂಬೋಲ್ಟ್ ಸೇರಿ ಹಲವು ವಿಶ್ವವಿದ್ಯಾಲಯಗಳು ಯೂನಿ-ಅಸಿಸ್ಟ್ ಅನ್ನುವ ಅರ್ಜಿ ಪರಿಶೀಲಿಸುವ ಸಂಸ್ಥೆಯ ಮೂಲಕ ತೆಗೆದುಕೊಳ್ಳುತ್ತವೆ. ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ನ ಮುಂದಿನ ಒಂದೊಂದಕ್ಕೂ 30 ಯೂರೋ. ಅವರು ನಿಮ್ಮ ಅಂಕವನ್ನು ಜರ್ಮನ್ ಲೆಕ್ಕಕ್ಕೆ ತಿರುಗಿಸುತ್ತಾರೆ. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. ಲೆಕ್ಕ ಹೀಗೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ನಿಮಗೆ ಶೇ 72 ಬಂದು ಪಾಸ್ ಅಂಕ 40 ಆಗಿದ್ದರೆ 2.4. ಅದೇ ಪಾಸ್ ಅಂಕ 35 ಆಗಿದ್ದರೆ ಸುಮಾರು 2.3. ಇಷ್ಟು ಸಣ್ಣ ವ್ಯತ್ಯಾಸವೂ ಪೈಪೋಟಿ ಇರುವ ಕಡೆ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಪಾಸ್ ಅಂಕ ಎಷ್ಟು ಅನ್ನುವುದು ನಿಮ್ಮ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸ್ಪಷ್ಟವಾಗಿ ಇರಲಿ, ಇಲ್ಲದಿದ್ದರೆ ವಿಶ್ವವಿದ್ಯಾಲಯದಿಂದ ಬರೆಸಿಕೊಳ್ಳಿ. ಕೊನೆಯ ದಿನಾಂಕಕ್ಕೆ ಎಂಟು ವಾರ ಮುಂಚೆ ಎಲ್ಲ ಅಪ್‌ಲೋಡ್ ಆಗಿದ್ದರೆ, ಏನಾದರೂ ಬಿಟ್ಟುಹೋಗಿದ್ದರೂ ಸೇರಿಸಲು ಸಮಯ ಸಿಗುತ್ತದೆ.

ಇಂಗ್ಲಿಷ್ ಪರೀಕ್ಷೆ ಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದೇವೆ ಅನ್ನುವ ಪತ್ರ ಎಲ್ಲ ಕಡೆ ನಡೆಯುವುದಿಲ್ಲ. ಐಇಎಲ್‌ಟಿಎಸ್ ಅಂಕಕ್ಕೆ ಎರಡೇ ವರ್ಷ ಆಯುಸ್ಸು, ತೀರಾ ಬೇಗ ಬರೆಯಬೇಡಿ.

ದುಡ್ಡು

ಬರ್ಲಿನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂಥ ಕೋರ್ಸ್‌ಗೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೆ ಒಂದು ಸಣ್ಣ ಮೊತ್ತ ಕಟ್ಟಬೇಕು ಅಷ್ಟೇ. ದೊಡ್ಡ ಮೊತ್ತ ಬೇಕಾಗುವುದು ವೀಸಾಗೆ. ಒಂದು ವರ್ಷದ ಖರ್ಚಿನ ಹಣವನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು, ಅಂದರೆ ತಿಂಗಳಿಗೆ 992. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಮೇಲೆ. ಈ ಹಣ ಎಲ್ಲೂ ಹೋಗುವುದಿಲ್ಲ, ಅಲ್ಲಿಗೆ ಹೋದಮೇಲೆ ತಿಂಗಳು ತಿಂಗಳು ನಿಮಗೇ ಬರುತ್ತದೆ. ಆದರೆ ಮನೆಯವರು ಒಂದೇ ಸಲ ಹೊಂದಿಸಬೇಕು, ಹಾಗಾಗಿ ಈ ಮಾತನ್ನು ಮನೆಯಲ್ಲಿ ಅರ್ಜಿಗೆ ಮುಂಚೆಯೇ ಆಡಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ, ನಿಮ್ಮ ವಿಷಯ ಮತ್ತು ವಿಶ್ವವಿದ್ಯಾಲಯ ಅದರಲ್ಲಿ ಬರುತ್ತವಾ ನೋಡಿಕೊಳ್ಳಿ. ಓದುತ್ತಾ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಲು ಅವಕಾಶ ಇದೆ. ಲ್ಯಾಬ್‌ಗಳಲ್ಲಿ ವಿದ್ಯಾರ್ಥಿ ಸಹಾಯಕರ ಕೆಲಸವೂ ಸಿಗುತ್ತದೆ, ಪೈಥಾನ್ ಕಲಿತದ್ದು ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ಕಳಿಸಿದ ಮೇಲೆ

ಸಂದರ್ಶನಕ್ಕೆ ಕರೆದರೆ ನಿಮ್ಮ ಎಸ್‌ಒಪಿಯ ಪ್ರಶ್ನೆಯನ್ನೇ ಕೆದಕುತ್ತಾರೆ. "ನಿಮ್ಮ ವಾದ ತಪ್ಪು ಅಂತ ಯಾವ ಫಲಿತಾಂಶ ತೋರಿಸಬಹುದು?" ಅನ್ನುವ ಪ್ರಶ್ನೆಗೆ ಉತ್ತರ ತಯಾರಿರಲಿ. ಯಾವ ಫಲಿತಾಂಶವೂ ತೋರಿಸಲಾರದು ಅಂತಾದರೆ ಅದೇಕೆ ಹಾಗೆ ಅನ್ನುವುದಕ್ಕೂ ಉತ್ತರ ಬೇಕು.

ಪ್ರವೇಶ ಪತ್ರ ಬಂದ ದಿನವೇ ಎರಡು ಕೆಲಸ ಮಾಡಿ. ಒಂದು, ವೀಸಾ ಅರ್ಜಿ ಶುರು ಮಾಡಿ, ಅಕ್ಟೋಬರ್ ಹತ್ತಿರ ಬಂದಷ್ಟೂ ನೂಕುನುಗ್ಗಲು ಜಾಸ್ತಿ. ಇನ್ನೊಂದು, ಬರ್ಲಿನ್‌ನ ವಿದ್ಯಾರ್ಥಿ ಹಾಸ್ಟೆಲ್‌ಗಳ ಕಾಯುವ ಪಟ್ಟಿಯಲ್ಲಿ ಹೆಸರು ಹಾಕಿ. ಆ ಊರಿನಲ್ಲಿ ಮನೆ ಸಿಗುವುದು ಸೀಟು ಸಿಗುವುದಕ್ಕಿಂತ ಕಷ್ಟ, ಮೊದಲ ಒಂದೆರಡು ತಿಂಗಳಿಗೆ ಬೇರೆ ವ್ಯವಸ್ಥೆಯನ್ನೂ ನೋಡಿಕೊಂಡಿರಿ, ಮನೆ ನೋಡದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡಿ.